ಮೂರು ಬಿಗಿ, ಮೂರು ಮೆದು

"ಕೊಡ್ಬೇಡಿ! ಉಮರಾಕ, ಆ ಪ್ಯಾಕೆಟ್ ಕೊಡ್ಬೇಡಿ!"

ಅಂಗಡಿಯ ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿ ಬಂದ ಆ ಯುವಕ, ಆಶಾಲತಾಳ ಕೈಗೆ ಇನ್ನೇನು ಸೇರಬೇಕಿದ್ದ ಗಿಟಾರ್ ತಂತಿಗಳ ಪ್ಯಾಕೆಟ್ಟನ್ನು ನಡುವಿನಲ್ಲೇ ಕಸಿದುಕೊಂಡ. ಅವನ ಬೆರಳು ಅವಳ ಬೆರಳಿಗೆ ತಗಲಿತು. ಅವಳು ತಟ್ಟನೆ ಕೈ ಹಿಂದಕ್ಕೆ ಎಳೆದುಕೊಂಡಳು.

'ಎಂಥ ಸೊಕ್ಕು ಇವನಿಗೆ!'

"ಹಲೋ, ಎಂತ ಇದು? ಅದು ನಾನು ತೆಗೊಂಡದ್ದು!"

"ತೆಗೊಳ್ಳಿ. ಆದ್ರೆ ಆ ಗಿಟಾರಿಗೆ ಮಾತ್ರ ಹಾಕ್ಬೇಡಿ." ಅವನು ಏದುಸಿರು ಬಿಡುತ್ತಾ ಅವಳ ಬಗಲಲ್ಲಿದ್ದ ಗಿಟಾರನ್ನು ತೋರಿಸಿದ. "ಇದು ಸ್ಟೀಲ್ ತಂತಿ. ನಿಮ್ಮದು ನೈಲಾನಿನ ಗಿಟಾರ್. ಇದನ್ನು ಕಟ್ಟಿ ಎಳೆದ್ರೆ ನಾಳೆ ಬೆಳಿಗ್ಗೆ ತಂತಿ ಹಿಡಿಯುವ ಬ್ರಿಡ್ಜೇ ಕಿತ್ತು ಕೈಗೆ ಬರ್ತದೆ!"

"ನನಗೂ ಗೊತ್ತುಂಟು! ಇದರ ಕುತ್ತಿಗೆ ನೋಡಿ, ಎಷ್ಟು ಸಪೂರ! ಸ್ಟೀಲಿನ ಗಿಟಾರಿಗೇ ಹೀಗಿರುದು."

"ಕುತ್ತಿಗೆ ಸಪೂರ, ಒಪ್ಪಿದೆ. ಹೊಟ್ಟೆಯೂ ತೆಳು. ಆದ್ರೆ ಕೆಳಗೆ ತಂತಿ ಸಿಕ್ಕಿಸುವ ಜಾಗ ನೋಡಿ, ಗಂಟು ಹಾಕುವ ತೂತು ಉಂಟು. ಅಂದ್ರೆ ನೈಲಾನೇ. ಅರ್ಧ ಅದು, ಅರ್ಧ ಇದು... ಇಂಥದ್ದನ್ನು ನಾನು ನೋಡುದೇ ಇವತ್ತು!"

ಅವನ ಕಣ್ಣು ಗಿಟಾರಿನ ಮೇಲೇ ಇತ್ತು. ಎದುರಿಗೆ ಇಷ್ಟು ಚಂದದ ಹುಡುಗಿ ನಿಂತಿದ್ದಾಳೆ, ಈ ಪುಣ್ಯಾತ್ಮ ಮರದ ತುಂಡನ್ನು ನೋಡುತ್ತಿದ್ದಾನೆ! ಆಶಾಲತಾಳ ಸಿಟ್ಟು ಇನ್ನೊಂದು ಮೆಟ್ಟಿಲು ಏರಿತು. ಅಪರಿಚಿತನೊಬ್ಬ ತನ್ನನ್ನು ನೋಡಲಿಲ್ಲವೆಂದು ಸಿಟ್ಟು ಯಾಕೆ ಬರಬೇಕು, ನೀವೇ ಹೇಳಿ? ನನ್ನನ್ನು ಕೇಳಿದರೆ ಕಥೆ ಅಲ್ಲೇ ಶುರುವಾದದ್ದು.

ಗಲ್ಲೆಯಲ್ಲಿ ಕೂತಿದ್ದ ಉಮರಬ್ಬನಿಗೆ ಪಾಪ, ಇಬ್ಬರೂ ಬೇಕಾದವರು. ಕಂಕನಾಡಿಯ ಮಾರ್ಕೆಟ್ ಬಳಿಯ ಆ ಫಾರಿನ್ ಸಾಮಾನಿನ ಅಂಗಡಿಯಲ್ಲಿ ಟೇಪ್ ರೆಕಾರ್ಡರಿನಿಂದ ಹಿಡಿದು ಮೀನಿನ ಗಾಳದವರೆಗೆ ಎಲ್ಲವೂ ಸಿಗುತ್ತಿತ್ತು. ಊರಿಗೆಲ್ಲ ಅವನು ಉಮರಾಕ.

"ಜಗಳ ಎಂತಕ್ಕೆ ಮಾರಾಯ್ರೆ? ನೈಲಾನ್ ಬೇಕಾದ್ರೆ ನನ್ನಲ್ಲಿ ತಂಗೂಸಿ ಉಂಟಲ್ಲ! ಗಾಳದ ದಾರ. ಹತ್ತು ಕಿಲೋದ ಅಂಜಲ್ ಮೀನು ಎಳೆದ್ರೂ ತುಂಡಾಗುದಿಲ್ಲ. ಆರು ಮಾರು ಕೊಡ್ಲಾ?"

ಇಬ್ಬರಿಗೂ ಒಟ್ಟಿಗೇ ನಗು ಉಕ್ಕಿತು. ನಗುತ್ತಾ ನಗುತ್ತಾ ಅವನು ಮೊದಲ ಸಲ ಅವಳ ಮುಖ ನೋಡಿದ... ಮತ್ತೆ ಗಿಟಾರನ್ನು ನೋಡುವುದನ್ನು ಮರೆತೇಬಿಟ್ಟ!

ಅದು ಸಾವಿರದ ಒಂಬೈನೂರ ಎಂಬತ್ತಮೂರರ ನವೆಂಬರ್ ತಿಂಗಳು. ಆಶಾಲತಾಳಿಗೆ ಇಪ್ಪತ್ತೆರಡು ವರ್ಷ. ಶಕ್ತಿನಗರದಲ್ಲಿ ಮನೆ, ಹತ್ತಿರದ ಶಾಲೆಯಲ್ಲಿ ಟೀಚರ್ ಕೆಲಸ. ಅಪ್ಪ ತಾರಾನಾಥ ಶೆಟ್ಟರಿಗೆ ನಂತೂರಿನಲ್ಲಿ ಹೋಟೆಲು. ಲಾರಿ ಡ್ರೈವರುಗಳು ಅಲ್ಲಿಯ ಚಹಾ ಕುಡಿಯದೆ ಮುಂದೆ ಹೋಗುತ್ತಿರಲಿಲ್ಲ. ಆ ಗಿಟಾರನ್ನು ಕೊಟ್ಟದ್ದು ಬಹ್ರೈನಿನಲ್ಲಿರುವ ಸೋದರಮಾವ ಸರ್ವೋತ್ತಮ. ಜೊತೆಗೆ ಕೆಲಸ ಮಾಡುತ್ತಿದ್ದ ಫಿಲಿಪ್ಪೀನಿನವನೊಬ್ಬ ಊರಿಗೆ ಹೊರಟಾಗ ಬಿಟ್ಟುಹೋದ ಗಿಟಾರದು. ಒಂದೂ ತಂತಿಯಿಲ್ಲದೆ ಬಂದ ಅದನ್ನು ನೋಡಿ, ಗಿಟಾರ್ ಕಲಿಸುತ್ತಿದ್ದ ಎಸ್ತೆರ್ ಟೀಚರಿಗೂ ದಾರಿ ಕಾಣಲಿಲ್ಲ. "ಇದು ಯಾವ ಜಾತಿದ್ದು ಅಂತ ನಂಗೆ ಗೊತ್ತಿಲ್ಲ ಬಾಯಿ, ಉಮರಬ್ಬನಲ್ಲಿ ಕೇಳು" ಎಂದು ಕಳಿಸಿದ್ದರು. ಬಾಯಿ ಎಂದರೆ ಅವರ ಕೊಂಕಣಿಯಲ್ಲಿ ಹುಡುಗಿ.

ಪ್ಯಾಕೆಟ್ ಕಸಿದವನ ಹೆಸರು ಚಿತ್ತರಂಜನ ಶೆಟ್ಟಿ. ಅಂಗಡಿಯಿಂದ ನಾಲ್ಕು ಹೆಜ್ಜೆ ದೂರದ ಮಹಡಿಯಲ್ಲಿ ಇಂಜಿನಿಯರ್ ಸೆವರಿನ್ ಅವರ ಆಫೀಸಿನಲ್ಲಿ ಮನೆಗಳ ನಕ್ಷೆ ಬಿಡಿಸುವುದು ಅವನ ಕೆಲಸ. ಮದುವೆ ಸೀಸನ್ನಿನಲ್ಲಿ ಆರ್ಕೆಸ್ಟ್ರಾದಲ್ಲಿ ಸ್ಟೀಲ್ ಗಿಟಾರ್ ಬಾರಿಸುವುದು ಅವನ ಹುಚ್ಚು.

"ನೈಲಾನಲ್ಲೂ ಎರಡು ಉಂಟು," ಎಂದು ಅವನು ಆ ದಿನ ವಿವರಿಸಿದ. "ಬಿಗಿ ಜಾಸ್ತಿ ಇರುವುದು, ಮೆದು ಇರುವುದು. ನಿಮ್ಮ ಈ ತೆಳು ಗಿಟಾರಿಗೆ ಯಾವುದು ಕೂಡ್ತದೆ ಅಂತ ಕಟ್ಟಿ ನೋಡಿಯೇ ಹೇಳ್ಬೇಕಷ್ಟೆ."

"ಹಾಗಾದ್ರೆ ನೋಡಿ ಹೇಳಿ," ಎಂದಳು ಆಶಾಲತಾ. ಹೇಳಿದ ಮೇಲೆ ತನ್ನ ಧೈರ್ಯಕ್ಕೆ ತಾನೇ ಬೆರಗಾದಳು.

ಉಮರಬ್ಬ ಬೊಂಬಾಯಿ ಬಸ್ಸಿನವನ ಕೈಯಲ್ಲಿ ಚೀಟಿ ಕಳಿಸಿ ಎರಡೂ ಬಗೆಯ ಸೆಟ್ಟು ತರಿಸಿದ. ಮೊದಲು ಮೆದುವಿನ ಸರದಿ. ಅಂಗಡಿಯ ಬೆಂಚಿನ ಮೇಲೆ ಕೂತು ಚಿತ್ತರಂಜನ ಗಂಟು ಹಾಕುವುದನ್ನು ಕಲಿಸಿದ.

"ತೂತಿನಲ್ಲಿ ತೂರಿಸಿ, ಹಿಂದಿನಿಂದ ತಂದು, ತನ್ನ ಸುತ್ತ ತಾನೇ ಸುತ್ತಬೇಕು. ದಪ್ಪ ತಂತಿಗೆ ಒಂದು ಸುತ್ತು ಸಾಕು. ಸಪೂರದ್ದಕ್ಕೆ ಮೂರು. ಅದು ನುಣುಪು ಅಲ್ವಾ, ಜಾರ್ತದೆ."

ಅವನ ಉದ್ದ ಬೆರಳುಗಳು ಎಷ್ಟು ನಾಜೂಕಾಗಿ ಓಡಾಡುತ್ತಿದ್ದವೆಂದರೆ ಆಶಾಲತಾ ಗಂಟನ್ನು ನೋಡಲೇ ಇಲ್ಲ.

"ಅರ್ಥ ಆಯ್ತಾ?"

"ಹಾಂ? ಇಲ್ಲ... ಇನ್ನೊಮ್ಮೆ ತೋರಿಸಿ."

ಹೊಸ ನೈಲಾನಿಗೆ ಒಂದು ಗುಣ ಉಂಟು. ಕಟ್ಟಿದ ಮೇಲೂ ನಾಲ್ಕೈದು ದಿನ ಅದು ಹಿಗ್ಗುತ್ತಲೇ ಇರುತ್ತದೆ, ಶ್ರುತಿ ಇಳಿಯುತ್ತಲೇ ಇರುತ್ತದೆ. ದಿನಾ ಗಿಟಾರಿನ ಕಿವಿ ಹಿಂಡಬೇಕು. ಆಶಾಲತಾಳಿಗೆ ಶ್ರುತಿ ಮಾಡಲು ಚೆನ್ನಾಗಿಯೇ ಬರುತ್ತಿತ್ತು, ಹತ್ತನೇ ಕ್ಲಾಸಿನಿಂದ ಬರುತ್ತಿತ್ತು! ಆದರೂ ಸಂಜೆ ಶಾಲೆ ಬಿಟ್ಟ ಕೂಡಲೇ ಗಿಟಾರ್ ಹೊತ್ತು ಬಸ್ಸು ಹತ್ತಿ ಕಂಕನಾಡಿಗೆ ಬರುತ್ತಿದ್ದಳು.

"ಪುನಃ ಇಳಿದಿದೆ, ನೋಡಿ," ಎನ್ನುತ್ತಿದ್ದಳು ಮುಗ್ಧ ಮುಖ ಮಾಡಿ.

"ಹೌದೌದು, ತುಂಬಾ ಇಳಿದಿದೆ," ಎನ್ನುತ್ತಿದ್ದ ಅವನು, ಕೂದಲೆಳೆಯಷ್ಟು ತಿರುಗಿಸುತ್ತಾ.

ಉಮರಬ್ಬ ಇಬ್ಬರನ್ನೂ ನೋಡಿ ಗಡ್ಡದೊಳಗೇ ನಗುತ್ತಿದ್ದ.

ಮೆದು ತಂತಿಯಲ್ಲಿ ದಪ್ಪ ಸ್ವರಗಳು ತುಂಬಿ ಬಂದವು. ಆದರೆ ಸಪೂರ ಸ್ವರಗಳು ಮಂಕಾದವು. ಅದನ್ನು ಬಿಚ್ಚಿ ಬಿಗಿ ತಂತಿ ಕಟ್ಟಿದರು. ಈಗ ಸಪೂರದವು ಮುತ್ತಿನ ಹಾಗೆ ಉದುರಿದವು, ಆದರೆ ದಪ್ಪದವು ಸೆಟೆದುಕೊಂಡು ಅವಳ ಎಡಗೈ ಬೆರಳುಗಳು ಕೆಂಪಾದವು. ಅವಳು ನೋವೆಂದು ಹೇಳಲಿಲ್ಲ. ಅವನೇ ಗಮನಿಸಿದ.

"ಬೆರಳು ತೋರಿಸಿ... ಅಯ್ಯೋ ದೇವರೇ! ಹೇಳ್ಲಿಕ್ಕೆ ಆಗುದಿಲ್ವಾ ನಿಮಗೆ?"

ಅವನ ದನಿಯಲ್ಲಿದ್ದ ಆ ಸಂಕಟಕ್ಕೆ ಆಶಾಲತಾಳ ಎದೆ ಡವಡವ ಎಂದಿತು. ಬೆರಳಿನ ಉರಿ ಎಲ್ಲಿ ಹೋಯಿತೋ!

"ಒಂದು ಉಪಾಯ ಹೊಳೀತು ನನಗೆ," ಎಂದ ಅವನು ಸ್ವಲ್ಪ ಹೊತ್ತಿನ ಮೇಲೆ. "ಬುಧವಾರ ಬನ್ನಿ. ತಂತಿಯದ್ದೂ ಹೇಳ್ತೇನೆ... ಮತ್ತೆ... ಇನ್ನೊಂದು ವಿಷಯವೂ ಹೇಳ್ಲಿಕ್ಕುಂಟು."

ಹೇಳುವಾಗ ಅವನ ಕಿವಿ ಕೆಂಪಾಗಿತ್ತು. ಆ ಇನ್ನೊಂದು ವಿಷಯ ಎಂಥದೆಂದು ತಿಳಿಯದಷ್ಟು ದಡ್ಡಿಯೇ ನಮ್ಮ ಆಶಾಲತಾ? ಬುಧವಾರದವರೆಗೆ ಅವಳ ಕಾಲು ನೆಲಕ್ಕೆ ತಾಗಲಿಲ್ಲ. ಶಾಲೆಯಲ್ಲಿ ಮೂರನೇ ಕ್ಲಾಸಿನ ಮಗ್ಗಿಯನ್ನು ಎರಡನೇ ಕ್ಲಾಸಿಗೆ ಹೇಳಿಕೊಟ್ಟಳು. ಮನೆಯಲ್ಲಿ ಸಾರಿಗೆ ಎರಡು ಸಲ ಉಪ್ಪು ಹಾಕಿದಳು. "ಇವಳಿಗೆ ಎಂತ ಆಗಿದೆ?" ಎಂದು ಅಮ್ಮ ಗುಣವತಿ ಕಣ್ಣು ಕಿರಿದು ಮಾಡಿ ನೋಡಿದರು.

ಬುಧವಾರ ಬಂತು.

ಆಶಾಲತಾ ಎಲೆಹಸಿರು ಸೀರೆ ಉಟ್ಟು, ಜಡೆಗೆ ಮಲ್ಲಿಗೆ ಮುಡಿದು ಬಂದಿದ್ದಳು. ಚಿತ್ತರಂಜನ ಅಂಗಡಿಯ ಹೊರಗೇ ನಿಂತಿದ್ದ. ಅವನ ಮುಖ ನೋಡಿದ ಕೂಡಲೇ ಅವಳಿಗೆ ಏನೋ ಸರಿಯಿಲ್ಲವೆನಿಸಿತು. ಕಣ್ಣೆತ್ತಿ ನೋಡದೆ ಅವನು ಒಂದು ಕಾಗದದ ಪೊಟ್ಟಣವನ್ನು ಚಾಚಿದ.

"ತಂತಿ ಇದರಲ್ಲಿ ಉಂಟು. ಕಟ್ಟುದು ಹೇಗೆ ಅಂತ ನಿನಗೆ ಗೊತ್ತುಂಟಲ್ಲ... ತಂಗೀ."

ಆಶಾಲತಾ ತನ್ನ ಕಿವಿಯನ್ನೇ ನಂಬಲಿಲ್ಲ.

"ಎಂತ ಹೇಳಿದ್ರಿ?"

"ಇನ್ನು ನಾನು ಸಂಜೆ ಇಲ್ಲಿಗೆ ಬರುದಿಲ್ಲ ತಂಗಿ. ಒಳ್ಳೇದಾಗ್ಲಿ ನಿನಗೆ."

"ಯಾರು ತಂಗಿ?!" ಅವಳ ದನಿ ಒಡೆಯಿತು. "ನನಗೆ ಮನೆಯಲ್ಲಿ ಇಬ್ಬರು ಅಣ್ಣಂದಿರು ಇದ್ದಾರೆ, ಸಾಕು! ಮೂರನೆಯವನು ಬೇಡ ನನಗೆ!"

ಅವನು ತಿರುಗಿ ಬಿರಬಿರನೆ ನಡೆದುಬಿಟ್ಟ.

ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಆಶಾಲತಾ ಅತ್ತಳು. ಮಲ್ಲಿಗೆಯನ್ನು ಜಡೆಯಿಂದ ಕಿತ್ತು ಕಿಟಕಿಯಿಂದ ಎಸೆದಳು. 'ಎಲ್ಲಾ ನನ್ನದೇ ಭ್ರಮೆಯಾ? ಬರೇ ಗಿಟಾರಿಗೋಸ್ಕರ ಬರುತ್ತಿದ್ದನಾ ಅವನು?'

ಅದರ ಮೇಲೆ ಇನ್ನೊಂದು ಬಂತು. ಎರಡು ವಾರ ಕಳೆದ ಮೇಲೆ ಅಮ್ಮ ಹತ್ತಿರ ಕೂತು ತಲೆ ಸವರಿದರು.

"ಶುಕ್ರವಾರ ನಿನ್ನ ಮಾವ ಬಹ್ರೈನಿಂದ ಬರ್ತಾರೆ. ಭಾನುವಾರ ಬೊಂಬಾಯಿಯವರು ನಿನ್ನನ್ನು ನೋಡ್ಲಿಕ್ಕೆ ಬರುದಂತೆ. ಹುಡುಗನದ್ದು ಎರಡು ಹೋಟೆಲು. ನಿನ್ನ ಮನಸ್ಸಿನಲ್ಲಿ ಯಾರಾದ್ರೂ ಇದ್ರೆ ಈಗಲೇ ಹೇಳು. ಮಾವ ಒಮ್ಮೆ ಮಾತು ಕೊಟ್ರೆ ಮತ್ತೆ ಆಗುದಿಲ್ಲ."

ಅವರದು ಅಳಿಯಕಟ್ಟಿನ ಮನೆ. ಹುಡುಗಿಯ ಮದುವೆಯ ಮಾತು ಸೋದರಮಾವನ ಬಾಯಿಂದಲೇ ಬರಬೇಕು.

'ತಂಗಿ ಎಂದವನ ಹೆಸರು ಹೇಗೆ ಹೇಳಲಿ?'

"ಯಾರೂ ಇಲ್ಲಮ್ಮ. ಬರ್ಲಿ ಅವರು," ಎಂದುಬಿಟ್ಟಳು.

ಗುರುವಾರ ಶಾಲೆಗೆ ರಜೆ. ಕಪಾಟು ಒರೆಸುವಾಗ ಆ ಪೊಟ್ಟಣ ಕೈಗೆ ಸಿಕ್ಕಿತು. ಬಿಸಾಡಲು ಮನಸ್ಸು ಬರದೆ ಬಿಚ್ಚಿದಳು. ಒಳಗೆ ಎರಡು ಸೆಟ್ಟುಗಳಿಂದ ಆರಿಸಿದ ಆರು ತಂತಿಗಳು. ಒಂದೊಂದಕ್ಕೂ ನಕ್ಷೆ ಬಿಡಿಸುವವನ ಅಚ್ಚುಕಟ್ಟಾದ ಅಕ್ಷರದಲ್ಲಿ ಚೀಟಿ. ಸಪೂರದ ಮೂರು, ಬಿಗಿ. ದಪ್ಪದ ಮೂರು, ಮೆದು. ಕೆಳಗೆ ಸಣ್ಣದಾಗಿ ಬರೆದಿದ್ದ: 'ಈಗ ಬೆರಳು ನೋಯಲಿಕ್ಕಿಲ್ಲ.'

ಅವಳು ಕಟ್ಟಿದಳು. ದಪ್ಪದ್ದಕ್ಕೆ ಒಂದು ಸುತ್ತು, ಸಪೂರದ್ದಕ್ಕೆ ಮೂರು. ಶ್ರುತಿ ಮಾಡಿ, ಕೈ ಆಡಿಸಿದಳು.

ಅಬ್ಬಾ!

ಇಷ್ಟು ದಿನ ಅವಳು ಹುಡುಕುತ್ತಿದ್ದ ನಾದ ಅದೇ. ಕೆಳಗಿನ ಸ್ವರ ತುಂಬಿಕೊಂಡು, ಮೇಲಿನ ಸ್ವರ ತಿಳಿಯಾಗಿ... ಬೆರಳಿಗೆ ಕಷ್ಟವೇ ಇಲ್ಲ! ಅವಳು ಹೀಗೆ ಬೇಕೆಂದು ಯಾವತ್ತೂ ಬಾಯಿಬಿಟ್ಟು ಹೇಳಿದವಳಲ್ಲ. ಅವಳ ಕೈ ಎಲ್ಲಿ ತಡವರಿಸುತ್ತದೆ, ಎಲ್ಲಿ ಖುಷಿಪಡುತ್ತದೆ ಎಂದು ಅವನು ಒಂದೊಂದನ್ನೂ ನೋಡಿಟ್ಟುಕೊಂಡಿದ್ದ.

ಆಶಾಲತಾಳ ಕಣ್ಣು ತುಂಬಿತು. ಆದರೆ ಈ ಸಲ ಅಳುವಿಗಿಂತ ಹಟ ಜಾಸ್ತಿ ಇತ್ತು.

'ಇಷ್ಟು ಪ್ರೀತಿಯಿಂದ ಕೇಳಿಸಿಕೊಂಡವನು ಸುಮ್ಮನೆ ತಂಗಿ ಅಂತ ಹೇಳಿ ಹೋಗುದಾ? ಸಾಧ್ಯವೇ ಇಲ್ಲ! ಎಂತದೋ ಆಗಿದೆ. ಭಾನುವಾರದ ಮೊದಲು ನನಗೆ ಅದು ಗೊತ್ತಾಗ್ಬೇಕು!'

ಸೀರೆ ಬದಲಾಯಿಸುವ ತಾಳ್ಮೆಯೂ ಇಲ್ಲದೆ ಬಸ್ಸು ಹತ್ತಿದಳು. ಉಮರಬ್ಬ ಅವಳನ್ನು ಕಂಡು ಮುಖ ಅರಳಿಸಿದ.

"ಬನ್ನಿ ಬನ್ನಿ! ಎರಡು ವಾರ ಆಯ್ತು, ಅಣ್ಣನೂ ಇಲ್ಲ, ತಂಗಿಯೂ ಇಲ್ಲ. ಅಂಗಡಿ ಬಿಕೋ ಅಂತ ಉಂಟು."

"ಉಮರಾಕ! ನೀವೂ ಶುರು ಮಾಡಿದ್ರಾ? ಯಾರು ಹೇಳಿದ್ದು ನಾವು ಅಣ್ಣ-ತಂಗಿ ಅಂತ?"

"ನಾನೇ ಅಲ್ವಾ ಕಂಡುಹಿಡಿದದ್ದು!" ಉಮರಬ್ಬ ಹೆಮ್ಮೆಯಿಂದ ಎದೆ ಉಬ್ಬಿಸಿದ. "ಚಿತ್ತರಂಜನ ನನ್ನಲ್ಲಿ ಗುಟ್ಟಾಗಿ ಹೇಳಿದ. ನಿಮ್ಮ ಮನೆಗೆ ಹುಡುಗಿ ಕೇಳ್ಲಿಕ್ಕೆ ಅವನ ಮಾವನನ್ನು ಕಳಿಸ್ಬೇಕು, ಅದಕ್ಕೆ ಮೊದಲು ಹುಡುಗಿಯ ಬರಿ, ಗೋತ್ರದ ಹಾಗೆ ಉಂಟಲ್ಲ ನಿಮ್ಮಲ್ಲಿ, ಅದು ಯಾವುದು ಅಂತ ಗೊತ್ತಾಗ್ಬೇಕು ಅಂತ. ನಿಮ್ಮ ಹತ್ತಿರ ಕೇಳ್ಲಿಕ್ಕೆ ಅವನಿಗೆ ನಾಚಿಕೆ. ಬರಿ ಕೇಳಿದ್ರೆ ಮದುವೆ ಕೇಳಿದ ಹಾಗೇ ಅಲ್ವಾ ನಿಮ್ಮಲ್ಲಿ?"

ಆಶಾಲತಾ ಗಲ್ಲೆಯ ಮೇಲೆ ಬಗ್ಗಿದಳು. ಮನೆಗೆ... ಹುಡುಗಿ ಕೇಳಲಿಕ್ಕೆ!

"ಮತ್ತೆ?"

"ಮತ್ತೆಂತ? ನಾನು ನಂತೂರಿಗೆ ಹೋದೆ, ನಿಮ್ಮ ಅಪ್ಪನ ಹೋಟೆಲಲ್ಲಿ ಚಹಾ ಕುಡಿದೆ, ಮೆಲ್ಲ ಮಾತು ತೆಗೆದೆ. 'ನಿಮ್ಮ ಬರಿ ಯಾವುದು ಶೆಟ್ರೇ?' ಕೇಳಿದೆ. 'ಸಾಲಿಯಾನ್' ಅಂದ್ರು. ಚಿತ್ತರಂಜನನಿಗೆ ಬಂದು ಹೇಳಿದೆ, 'ಹುಡುಗಿ ಸಾಲಿಯಾನ್ ಬರಿ ಮಾರಾಯ' ಅಂತ. ಅವನ ಮುಖ ಬೆಳ್ಳಗಾಯ್ತು. ಅವನದ್ದೂ ಅದೇ ಅಂತೆ! ಒಂದೇ ಬರಿ ಆದ್ರೆ ಅಣ್ಣ-ತಂಗಿಯ ಲೆಕ್ಕ, ಮದುವೆಯ ಮಾತೇ ಇಲ್ಲ ಅಂತ ಹೇಳಿ, ಇಲ್ಲೇ ಈ ಬೆಂಚಿನಲ್ಲಿ ಒಂದು ಗಂಟೆ ತಲೆಗೆ ಕೈ ಕೊಟ್ಟು ಕೂತ, ಪಾಪ..."

"ಉಮರಾಕಾ!!"

ಅವಳ ಕೂಗಿಗೆ ಪಕ್ಕದ ಅಂಗಡಿಯವರೂ ಇಣುಕಿದರು.

"ನಮ್ಮಲ್ಲಿ ಬರಿ ಅಪ್ಪನಿಂದ ಬರುದಲ್ಲ! ಅಮ್ಮನಿಂದ ಬರುದು! ಸಾಲಿಯಾನ್ ನನ್ನ ಅಪ್ಪನ ಬರಿ. ನನ್ನದು ಅಮ್ಮನದ್ದು, ಬಂಗೇರ!"

ಉಮರಬ್ಬ ಹಣೆ ಚಚ್ಚಿಕೊಂಡ. "ಯಾ ಅಲ್ಲಾ! ನಮ್ಮ ಮನೆಯಲ್ಲಿ ಮಕ್ಕಳದ್ದೆಲ್ಲ ಅಪ್ಪನದ್ದೇ. ನಾನು ಹಾಗೇ ಅಂತ... ಹುಡುಗಿಯದ್ದು ಬೇರೆ ಕೇಳ್ಬೇಕು ಅಂತ ನನಗೆ ಹೊಳೀಲೇ ಇಲ್ಲ ಮಗಾ! ಚಿನ್ನದಂಥ ಎರಡು ಮಕ್ಕಳನ್ನು ನಾನು..."

ಅವನ ಕಣ್ಣಲ್ಲಿ ನಿಜಕ್ಕೂ ನೀರು ಬಂತು. ಆಶಾಲತಾಳಿಗೆ ಸಿಟ್ಟು ಬರಬೇಕಿತ್ತು, ನಗು ಬಂತು. ಅಳುವೂ ಬಂತು.

"ಅಳ್ಬೇಡಿ ಉಮರಾಕ. ಅವರು ಆಫೀಸಲ್ಲಿ ಇದ್ದಾರಾ, ಅದು ಹೇಳಿ."

"ಇದ್ದಾನೆ! ಓಡು ಮಗಾ, ಓಡು!"

ಮಹಡಿಯ ಮೆಟ್ಟಿಲು ಹತ್ತುವಾಗ ಅವಳಿಗೆ ಸೆರಗಿನ ಪರಿವೆ ಇರಲಿಲ್ಲ. ಬಾಗಿಲಲ್ಲಿ ನಿಂತಾಗ ಎದೆ ಒಂದೇ ಸಮ ಏರಿಳಿಯುತ್ತಿತ್ತು. ಉದ್ದ ಮೇಜಿನ ಮೇಲೆ ಬಗ್ಗಿ ಗೆರೆ ಎಳೆಯುತ್ತಿದ್ದ ಚಿತ್ತರಂಜನ ತಲೆಯೆತ್ತಿದ. ಗಡ್ಡ ಬೆಳೆದಿತ್ತು, ಕಣ್ಣು ಬಾಡಿತ್ತು. ಅಯ್ಯೋ, ಎಂಥ ಅವಸ್ಥೆ ಮಾಡಿಕೊಂಡಿದ್ದಾನೆ!

"ತಂಗಿ, ನೀನು ಇಲ್ಲಿ..."

"ನನ್ನ ಬರಿ ಬಂಗೇರ!"

ಕನ್ನಡಕ ಮೇಲೇರಿಸಿ ಇಂಜಿನಿಯರ್ ಸೆವರಿನ್ ಕೇಳಿದರು, "ಎಂತದು ಬಾಯಿ? ಯಾರು ಬೇಕಿತ್ತು?"

"ಇವರೇ ಬೇಕಿತ್ತು ಸರ್!" ಎಂದಳು ಆಶಾಲತಾ, ಅವನ ಮೇಲಿಂದ ಕಣ್ಣು ತೆಗೆಯದೆ. "ಉಮರಾಕ ಕೇಳಿದ್ದು ನನ್ನ ಅಪ್ಪನ ಬರಿ. ಸಾಲಿಯಾನ್ ಅಪ್ಪನದ್ದು. ನಾನು ಅಮ್ಮನ ಮಗಳು, ಬಂಗೇರ. ನಾನು ನಿಮ್ಮ ತಂಗಿ ಅಲ್ಲ! ಯಾವ ಲೆಕ್ಕದಲ್ಲೂ ಅಲ್ಲ!"

ಚಿತ್ತರಂಜನ ಎದ್ದು ನಿಂತ. ಎದ್ದ ರಭಸಕ್ಕೆ ಇಂಕಿನ ಬಾಟಲಿ ಉರುಳಿ, ಅರ್ಧ ಬಿಡಿಸಿದ್ದ ನಕ್ಷೆಯ ಮೇಲೆಲ್ಲ ಕಪ್ಪು ಹರಿಯಿತು. ಅವನಿಗೆ ಅದು ಕಾಣಲೂ ಇಲ್ಲ.

"ಬಂಗೇರ..." ಎಂದ. "ಬಂಗೇರ!" ಎಂದ ಮತ್ತೊಮ್ಮೆ. ಆಮೇಲೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ನಗತೊಡಗಿದ. ಕೈ ತೆಗೆದಾಗ ಕೆನ್ನೆ ಒದ್ದೆಯಾಗಿತ್ತು.

ಸೆವರಿನ್‌ಗೆ ಈ ಬರಿಯ ವ್ಯವಹಾರ ಒಂದಿಷ್ಟೂ ಅರ್ಥವಾಗಲಿಲ್ಲ. ಆದರೆ ಮುಂದೇನು ಮಾಡಬೇಕೆಂದು ಅರ್ಥವಾಯಿತು. "ಆ ಮನೆಯವರಿಗೆ ಸೋಮವಾರ ಬೇರೆ ನಕ್ಷೆ ಕೊಡುವ. ಈಗ ಹೊರಗೆ ಹೋಗು ಮಾರಾಯ, ಇಡೀ ಆಫೀಸು ನಿಮ್ಮನ್ನೇ ನೋಡ್ತಾ ಉಂಟು!"

ಕೆಳಗೆ ಬಸ್ ಸ್ಟಾಪಿನಲ್ಲಿ, ಮೀನಿನ ಬುಟ್ಟಿ, ತರಕಾರಿ ಚೀಲ, ಆಸ್ಪತ್ರೆಗೆ ಹೊರಟವರ ಗಲಾಟೆಯ ನಡುವೆ ಇಬ್ಬರೂ ನಿಂತರು. ಇಷ್ಟು ಹೊತ್ತು ಸಿಂಹಿಣಿಯಂತಿದ್ದ ಆಶಾಲತಾ ಈಗ ನಾಚಿಕೆಯಿಂದ ಸೆರಗನ್ನು ಬೆರಳಿಗೆ ಸುತ್ತತೊಡಗಿದಳು.

"ನನ್ನ ಹತ್ತಿರವೇ ಒಂದು ಮಾತು ಕೇಳ್ಬಹುದಿತ್ತು," ಎಂದಳು ಕೊನೆಗೆ.

"ಕೇಳ್ಬೇಕಿತ್ತು. ಹೆದರಿಕೆ ಆಯ್ತು. ನೀವು ಇಲ್ಲ ಅಂದ್ರೆ ಮತ್ತೆ ಸಂಜೆ ಬರ್ಲಿಕ್ಕಿಲ್ಲ ಅಂತ." ಅವನ ದನಿ ತಗ್ಗಿತು. "ಆ ಎರಡು ಅಕ್ಷರ ಹೇಳುವಾಗ ನನ್ನ ಜೀವವೇ ಹೋಗಿತ್ತು, ಆಶಾ. ನೀವಿಲ್ಲದೆ ನನಗೆ ಆಗುದಿಲ್ಲ. ಇಷ್ಟು ಹೇಳ್ಲಿಕ್ಕೆ ನನಗೆ ಒಂದು ತಿಂಗಳು ಬೇಕಾಯ್ತು ನೋಡಿ!"

ಆಶಾಲತಾ ತಲೆ ತಗ್ಗಿಸಿದಳು. ತುಟಿಯಂಚಿನ ನಗುವನ್ನು ಮಾತ್ರ ತಗ್ಗಿಸಲು ಆಗಲಿಲ್ಲ.

"ನನಗೂ ಆಗುದಿಲ್ಲ," ಎಂದಳು ಮೆಲ್ಲಗೆ. ಆಮೇಲೆ ತಟ್ಟನೆ ನೆನಪಾಗಿ, "ನಾಳೆ ನನ್ನ ಮಾವ ಬರ್ತಾರೆ. ನಿಮ್ಮ ಮಾವನನ್ನು ಶನಿವಾರವೇ ಕಳಿಸ್ಬೇಕು, ಗೊತ್ತಾಯ್ತಾ? ಭಾನುವಾರ ಬೊಂಬಾಯಿಯವರು ಬಂದು ಕೂತ್ರೆ ಮತ್ತೆ ನನ್ನನ್ನು ದೂರ್ಬೇಡಿ!"

"ಶನಿವಾರ ಬೆಳಿಗ್ಗೆ ಏಳಕ್ಕೇ ನಿಮ್ಮ ಜಗಲಿಯಲ್ಲಿ ಕೂತಿರ್ತಾರೆ."

"ಏಳಕ್ಕೆ ಬೇಡ ಮಾರಾಯ್ರೆ, ಅಪ್ಪ ಹೋಟೆಲಿಂದ ಬರುದು ಒಂಬತ್ತಕ್ಕೆ!"

ಇಬ್ಬರೂ ನಕ್ಕರು. ಅಷ್ಟರಲ್ಲಿ ಶಕ್ತಿನಗರದ ಬಸ್ಸು ಬಂದು ನಿಂತಿತು. ಜನ ಇಳಿದರು, ಜನ ಹತ್ತಿದರು. ಕಂಡಕ್ಟರ್ ಇವರಿಬ್ಬರನ್ನೂ ಒಮ್ಮೆ ನೋಡಿ, ಕಾದು, ಕೊನೆಗೆ "ರೈಟ್ ಪೋಯಿ!" ಎಂದು ಕೂಗಿದ.

"ಬಸ್ಸು ಹೋಗ್ತಾ ಉಂಟು, ಆಶಾ."

"ಕಾಣ್ತಾ ಉಂಟು."

"ಹತ್ತುದಿಲ್ವಾ?"

"ಎರಡು ವಾರದ್ದು ಮಾತು ಬಾಕಿ ಉಂಟಲ್ಲ ನಿಮ್ಮದು. ಅದು ಮುಗೀಲಿ."

"ಅದು ಇವತ್ತಿಗೆಲ್ಲ ಮುಗಿಯುದಿಲ್ಲ."

"ಮುಗೀಬೇಕು ಅಂತ ಯಾರು ಹೇಳಿದ್ದು?" ಎಂದಳು ಆಶಾಲತಾ, ಅವನ ಪಕ್ಕಕ್ಕೆ ಒಂದು ಹೆಜ್ಜೆ ಸರಿದು ನಿಂತು.